ಜರ್ನಲ್ ಕ್ಲಬ್‌ಗೆ ಯಾವುದು: ಅಪರೂಪದ ಕೇಸೋ, ದೊಡ್ಡ ಟ್ರಯಲ್ಲೋ?

ಕಲಬುರಗಿ, ಬೀದರ್‌ನ ಮೆಡಿಕಲ್ ಕಾಲೇಜುಗಳಲ್ಲಿ ಜರ್ನಲ್ ಕ್ಲಬ್‌ಗೆ (ಸಂಶೋಧನಾ ಪೇಪರ್ ಓದಿ ಚರ್ಚಿಸುವ ಸಭೆ) ಪೇಪರ್ ಹುಡುಕುತ್ತಿರುವ ಪಿಜಿ (ಸ್ನಾತಕೋತ್ತರ) ವಿದ್ಯಾರ್ಥಿಗಳಿಗೆ ಇದು.

ಕೇಸ್ ರಿಪೋರ್ಟ್, ಅಂದರೆ ಒಬ್ಬರ ಅಥವಾ ಕೆಲವೇ ರೋಗಿಗಳ ವರದಿ, ಕಣ್ಣು ತೆರೆಸುತ್ತದೆ. 1981ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನ ಐವರು ಯುವಕರ ಅಪರೂಪದ ನ್ಯುಮೋನಿಯಾ ವರದಿಯಾಯಿತು. ಏಡ್ಸ್‌ನ ಮೊದಲ ಸುಳಿವು ಅದು. ಐದೇ ಜನ! ಆದರೆ ಯಾವ ಔಷಧಿ ಕೊಡಬೇಕು ಅಂತ ಅಂಥ ವರದಿ ಹೇಳಲಾರದು.

ಅದಕ್ಕೆ ತುಂಬಾ ರೋಗಿಗಳಲ್ಲಿ ಚಿಕಿತ್ಸೆಯನ್ನು ಹೋಲಿಸಿ ನೋಡುವ ಟ್ರಯಲ್ಲೇ ಬೇಕು. 2020ರಲ್ಲಿ ಬ್ರಿಟನ್ನಿನ ರಿಕವರಿ ಟ್ರಯಲ್ ಕೋವಿಡ್‌ಗೆ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಕೊಟ್ಟು ನೋಡಿತು. ವೆಂಟಿಲೇಟರ್ ಮೇಲಿದ್ದವರಲ್ಲಿ ಸಾವು ಸುಮಾರು ಮೂರನೇ ಒಂದರಷ್ಟು ಇಳಿಯಿತು. ಆಕ್ಸಿಜನ್ ಬೇಡದವರಿಗೆ ಲಾಭ ಕಾಣಲಿಲ್ಲ. ಈ ಎರಡನೇ ಮಾತೇ ನನಗೆ ಜಾಸ್ತಿ ಮುಖ್ಯ. ಅಗ್ಗವಾಗಿ ಸಿಗುತ್ತದೆ ಅಂತ ಸ್ಟಿರಾಯ್ಡನ್ನು ಸುಮ್ನೆ ಎಲ್ಲರಿಗೂ ಬರೆಯುವ ಹಾಗಿಲ್ಲ, ಅಲ್ವಾ?

ವಾರ್ಡಿನಲ್ಲಿ ರೋಗವೇ ತಿಳಿಯದ ರೋಗಿ ಇದ್ದರೆ ಕೇಸ್ ರಿಪೋರ್ಟ್ ತೆಗೆದುಕೊಳ್ಳಿ. ಚಿಕಿತ್ಸೆ ಬದಲಿಸುವ ಯೋಚನೆ ಇದ್ದರೆ ಟ್ರಯಲ್.