ದವಡೆ ಹಲ್ಲು: ಕೀಳಿಸುವುದೋ, ರೂಟ್ ಕೆನಾಲೋ?

ಲವಂಗ, ಮೆಡಿಕಲ್ ಶಾಪಿನ ಮಾತ್ರೆ ಎರಡೂ ಸೋತು, ರಾತ್ರಿಯೆಲ್ಲ ಹಲ್ಲು ಸಿಡಿಯುತ್ತಿದ್ದರೆ ನರದವರೆಗೆ ಹುಳುಕು ಇಳಿದಿರುತ್ತದೆ. ಆಗ ಸಿಮೆಂಟ್ ತುಂಬಿಸಿದರೆ ಸಾಲದು: ಹಲ್ಲು ಕೀಳಿಸಬೇಕು, ಇಲ್ಲವೇ ಒಳಗಿನ ಕೆಟ್ಟ ನರ ತೆಗೆದು, ಶುಚಿಮಾಡಿ ತುಂಬುವ ರೂಟ್ ಕೆನಾಲ್ ಮಾಡಿಸಬೇಕು.

ಕೀಳಿಸುವುದು ಸಾಮಾನ್ಯವಾಗಿ ಒಂದೇ ಭೇಟಿಯ ಕೆಲಸ. ದಿನಗೂಲಿಯವರಿಗೆ ಇದೇ ಅನುಕೂಲ, ಸರ್ಕಾರಿ ಆಸ್ಪತ್ರೆಯಲ್ಲಿ ಖರ್ಚೂ ಕಡಿಮೆ. ಕಿತ್ತ ಮೇಲೆ ಅಲ್ಲಿಟ್ಟ ಹತ್ತಿಯನ್ನು ಅರ್ಧ ಗಂಟೆ ಬಿಗಿಯಾಗಿ ಕಚ್ಚಿ ಹಿಡಿಯಿರಿ. 24 ಗಂಟೆ ಬಾಯಿ ಮುಕ್ಕಳಿಸಬೇಡಿ, ಉಗುಳಬೇಡಿ. ಬೀಡಿಯನ್ನಂತೂ ಕನಿಷ್ಠ ಮೂರು ದಿನ ಮುಟ್ಟಬೇಡಿ: ದಮ್ಮು ಎಳೆದಾಗ ಗುಳಿಯಲ್ಲಿ ಹೆಪ್ಪುಗಟ್ಟಿದ ರಕ್ತ ಕಿತ್ತುಬಂದು, ಮೂಳೆ ತೆರೆದುಕೊಂಡು, ಮೂರನೇ ದಿನದ ಹೊತ್ತಿಗೆ ಕಿವಿಯವರೆಗೂ ನೋವು ಏರಬಹುದು. ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಮೊದಲೇ ಹೇಳಿ. ಜಾಗ ಖಾಲಿ ಬಿಟ್ಟರೆ ಪಕ್ಕದ ಹಲ್ಲು ವಾಲುತ್ತದೆ, ಎದುರಿನದು ಉದ್ದಕ್ಕೆ ಇಳಿಯುತ್ತದೆ.

ರೂಟ್ ಕೆನಾಲಿಗೆ ಹೆಚ್ಚಾಗಿ ಎರಡು-ಮೂರು ಭೇಟಿ, ಮೇಲೊಂದು ಕ್ಯಾಪ್, ಅಂದರೆ ಹಲ್ಲಿಗೆ ಹೊದಿಸುವ ಗಟ್ಟಿ ಕವಚ. ಮೈಸೂರಿನ ಜೆಎಸ್‌ಎಸ್, ಫಾರೂಕಿಯಾ ದಂತ ಕಾಲೇಜುಗಳಲ್ಲಿ ಅಧ್ಯಾಪಕರ ಉಸ್ತುವಾರಿಯಲ್ಲಿ ವಿದ್ಯಾರ್ಥಿಗಳೂ ಮಾಡುತ್ತಾರೆ. ಅಲ್ಲಿ ಹಣಕ್ಕಿಂತ ಸಮಯ ಹೆಚ್ಚು ಬೇಕು. ಕೆಡುವುದು ಎಲ್ಲಿ ಗೊತ್ತೇ? ಮೊದಲ ಭೇಟಿಗೇ ನೋವು ನಿಂತಿತೆಂದು ಜನ ಮತ್ತೆ ಹೋಗುವುದಿಲ್ಲ. ತಾತ್ಕಾಲಿಕ ಸಿಮೆಂಟ್ ಸವೆದು ಕೀವು ಮರಳುತ್ತದೆ. ಕ್ಯಾಪ್ ಹಾಕಿಸದಿದ್ದರೆ ಮುದ್ದೆ-ಬಸ್ಸಾರಿಗೆ ಏನೂ ಆಗದ ಹಲ್ಲು ಒಂದು ಚಕ್ಕುಲಿಗೆ ಸೀಳಿಬಿಡಬಹುದು.

ಹಲ್ಲು ಅಲ್ಲಾಡುತ್ತಿದ್ದರೆ, ವಸಡಿನ ಮೇಲೆ ಬರೀ ಚೂರು ಉಳಿದಿದ್ದರೆ ಕೀಳಿಸಿ. ಗಟ್ಟಿ ಭಾಗ ಇದ್ದರೆ ಉಳಿಸಿಕೊಳ್ಳಿ. ಮಕ್ಕಳ ವಿಷಯದಲ್ಲಿ ಎಚ್ಚರ: ಆರನೇ ವಯಸ್ಸಿಗೆ ಹಿಂದೆ ಹುಟ್ಟುವ ದವಡೆ ಹಲ್ಲು ಹಾಲುಹಲ್ಲಲ್ಲ, ಕಿತ್ತರೆ ಮತ್ತೆ ಬರುವುದಿಲ್ಲ.