ಐಫೋನ್, ಆಂಡ್ರಾಯ್ಡ್, ಜಾಲತಾಣ: ಒಂದೇ ಸೇವೆಗೆ ಮೂರು ದರ

ಒಂದು ಸೇವೆಗೆ ಚಂದಾ ಕಟ್ಟಲು ಇಂದು ಮೂರು ದಾರಿಗಳಿವೆ: ಐಫೋನಿನ ಆ್ಯಪ್ ಸ್ಟೋರ್, ಆಂಡ್ರಾಯ್ಡಿನ ಪ್ಲೇ ಸ್ಟೋರ್, ಇಲ್ಲವೇ ಆ ಕಂಪನಿಯ ಸ್ವಂತ ಜಾಲತಾಣ. ಮಂಗಳೂರಿನ ಕದ್ರಿಯ ನಮ್ಮ ಮನೆಯಲ್ಲಿ ನನ್ನದು ಆಂಡ್ರಾಯ್ಡ್. ದೊಡ್ಡಮ್ಮನ ಕೈಯಲ್ಲಿರುವುದು ಐಫೋನ್. ದುಬೈಯಲ್ಲಿರುವ ಮಗ ತಾನು ಹೊಸದು ಕೊಂಡಾಗ ಹಳೆಯದನ್ನು ಅವರಿಗೆ ಕೊಟ್ಟಿದ್ದಾನೆ. ಎರಡನ್ನೂ ಪಕ್ಕಪಕ್ಕ ಇಟ್ಟು, ಲ್ಯಾಪ್‌ಟಾಪನ್ನೂ ತೆರೆದು, ನಾವು ಬಳಸುವ ಸೇವೆಗಳ ದರಗಳನ್ನು ಒಂದೊಂದಾಗಿ ನೋಡಿದೆ. ಹೆಚ್ಚಿನವುಗಳಲ್ಲಿ ಜಾಲತಾಣವೇ ಅಗ್ಗ. ಐಫೋನ್ ಎಲ್ಲಿಯೂ ಅಗ್ಗವಾಗಿ ಕಾಣಲಿಲ್ಲ. ಆಂಡ್ರಾಯ್ಡ್ ಕೆಲವು ಕಡೆ ಜಾಲತಾಣಕ್ಕೆ ಸಮ, ಕೆಲವು ಕಡೆ ಐಫೋನಿಗೆ ಸಮ.

ದೊಡ್ಡ ಕಂಪನಿಗಳು ತಾವೇ ಘೋಷಿಸಿದ ದರಗಳಲ್ಲಿಯೂ ಇದೇ ಕಾಣುತ್ತದೆ. 2023ರ ಫೆಬ್ರವರಿಯಲ್ಲಿ ಟ್ವಿಟರಿನ (ಈಗಿನ ಎಕ್ಸ್) ಚಂದಾ ಸೇವೆ ಟ್ವಿಟರ್ ಬ್ಲೂ ಭಾರತಕ್ಕೆ ಬಂದಾಗ ಜಾಲತಾಣದಲ್ಲಿ ತಿಂಗಳಿಗೆ 650 ರೂಪಾಯಿ, ಮೊಬೈಲಿನಲ್ಲಿ 900. ಅದೇ ವರ್ಷ ಜೂನ್‌ನಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳ ಒಡೆಯ ಕಂಪನಿ ಮೆಟಾ ತನ್ನ ದೃಢೀಕರಣದ ಚಂದಾವನ್ನು ಫೋನಿನಲ್ಲಿ 699 ರೂಪಾಯಿಗೆ ತಂದು, ಜಾಲತಾಣದಲ್ಲಿ 599 ಆಗಲಿದೆ ಎಂದಿತು. 900ರಲ್ಲಿ ಶೇ 30 ಕಳೆದರೆ 630 ಉಳಿಯುತ್ತದೆ, ಅಂದರೆ ಸರಿಸುಮಾರು ಜಾಲತಾಣದ ದರ. ಆ ಶೇ 30 ಆಪಲ್‌ನ ಆ್ಯಪ್ ಸ್ಟೋರ್ ಚಂದಾದ ಮೊದಲ ವರ್ಷ ಹಿಡಿಯುವ ಕಮಿಷನ್. ಅದನ್ನು ಕಟ್ಟುವವರು ಯಾರು ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಯೂಟ್ಯೂಬ್ ಪ್ರೀಮಿಯಂ ಇನ್ನೊಂದು ಬಗೆ. ಅಲ್ಲಿ ಆಂಡ್ರಾಯ್ಡ್ ಮತ್ತು ಜಾಲತಾಣದ ದರ ಒಂದೇ, ಐಫೋನ್ ಆ್ಯಪಿನೊಳಗೆ ಕೊಂಡರೆ ಮಾತ್ರ ಹೆಚ್ಚು. ಯೂಟ್ಯೂಬ್ ಗೂಗಲ್‌ನದು, ಪ್ಲೇ ಸ್ಟೋರ್ ಕೂಡ ಗೂಗಲ್‌ನದೇ; ತನ್ನ ಅಂಗಡಿಯಲ್ಲಿ ತನಗೇ ಕಮಿಷನ್ ಕಟ್ಟುವ ಹೊರೆ ಇಲ್ಲ. ಹಾಗಾಗಿ ದರದ ಅಂತರ ಫೋನಿನ ಗುಣಮಟ್ಟದಿಂದ ಬಂದದ್ದಲ್ಲ, ಅಂಗಡಿ ಯಾರ ಕೈಯಲ್ಲಿದೆ ಎಂಬುದರಿಂದ ಬಂದದ್ದು.

ಚಿಕ್ಕ ಆ್ಯಪ್ ತಯಾರಕರ ವಿಷಯದಲ್ಲಿ ನಾನು ಇಷ್ಟು ಕಟುವಾಗಿ ಮಾತನಾಡಲಾರೆ. ವರ್ಷಕ್ಕೆ ಹತ್ತು ಲಕ್ಷ ಡಾಲರಿನೊಳಗೆ ಗಳಿಸುವವರಿಗೆ ಆಪಲ್ ಮತ್ತು ಗೂಗಲ್ ಎರಡೂ 2021ರಿಂದ ಕಮಿಷನ್ನನ್ನು ಶೇ 15ಕ್ಕೆ ಇಳಿಸಿವೆ. ಆದರೆ ಆಪಲ್‌ಗೆ ಪ್ರತಿ ವರ್ಷ 99 ಡಾಲರ್ ಸದಸ್ಯತ್ವ ಶುಲ್ಕ ಕಟ್ಟಬೇಕು, ಗೂಗಲ್‌ಗೆ ಒಮ್ಮೆ 25 ಡಾಲರ್ ಕಟ್ಟಿದರೆ ಸಾಕು. ನಮ್ಮ ಊರಿನ ಇಬ್ಬರು ಹುಡುಗರು ಒಂದು ಆ್ಯಪ್ ಮಾಡಿ ಐಫೋನಿನಲ್ಲಿ ಹತ್ತಿಪ್ಪತ್ತು ರೂಪಾಯಿ ಹೆಚ್ಚು ಕೇಳಿದರೆ ಅದನ್ನು ನಾನು ಅನ್ಯಾಯ ಎನ್ನುವುದಿಲ್ಲ.

ಆದರೆ ‘ಐಫೋನ್ ಇರುವವರ ಬಳಿ ಹಣವಿದೆ, ಕೊಡಲಿ’ ಎಂಬ ವಾದವನ್ನು ಕರಾವಳಿಯಲ್ಲಿ ನಿಂತು ಒಪ್ಪಲು ಸಾಧ್ಯವೇ ಇಲ್ಲ. ಇಲ್ಲಿ ಎಷ್ಟೋ ಐಫೋನುಗಳು ಗಲ್ಫ್‌ನಿಂದ ಮಗನೋ ಅಳಿಯನೋ ತಂದುಕೊಟ್ಟವು, ಕೈಯಿಂದ ಕೈಗೆ ಬಂದವು. ದೊಡ್ಡಮ್ಮ ಪಿಂಚಣಿಯಲ್ಲಿ ಬದುಕುವವರು. ಅವರ ಕೈಯಲ್ಲಿರುವ ಫೋನಿನಿಂದ ಅವರ ಆದಾಯ ತಿಳಿಯುವುದಿಲ್ಲ. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಸುರತ್ಕಲ್‌ಗೆ ಹೋಗುವ ಸಿಟಿ ಬಸ್ಸಿನಲ್ಲಿ ಮುಂದಿನ ಬಾಗಿಲಿನಿಂದ ಹತ್ತಿದರೂ ಹಿಂದಿನ ಬಾಗಿಲಿನಿಂದ ಹತ್ತಿದರೂ ಟಿಕೆಟ್ ಒಂದೇ. ಹೆಚ್ಚುಕಡಿಮೆ ಇರಲೇಬೇಕು ಎಂದಾದರೆ ಅದನ್ನು ಬಾಗಿಲಲ್ಲೇ ಬರೆದು ಹಾಕಬೇಕು.

ನನ್ನ ತಕರಾರು ಇರುವುದು ಅಲ್ಲಿಯೇ. ‘ಇದೇ ಚಂದಾ ನಮ್ಮ ಜಾಲತಾಣದಲ್ಲಿ ಅಗ್ಗ’ ಎಂದು ಹೇಳಲು ಆ್ಯಪ್ ತಯಾರಕರಿಗೆ ಆಪಲ್ ನಿಯಮಗಳು ಬಹುಕಾಲ ಅಡ್ಡಿಯಾಗಿದ್ದವು. ಜಾಲತಾಣಕ್ಕೆ ಕರೆದೊಯ್ಯುವ ಅಂಥ ಕೊಂಡಿಗಳನ್ನು (ಲಿಂಕ್) ತಡೆಯಬಾರದು ಎಂದು ಅಮೆರಿಕದ ನ್ಯಾಯಾಲಯ 2025ರ ಏಪ್ರಿಲ್‌ನಲ್ಲಿ ಕಟ್ಟುನಿಟ್ಟಾಗಿ ಹೇಳಿತು, ಆದರೆ ಅದು ಅಮೆರಿಕಕ್ಕೆ ಸೀಮಿತ. ಭಾರತದಲ್ಲಿ ಮಾರುಕಟ್ಟೆಯ ಪೈಪೋಟಿಯನ್ನು ಕಾಯುವ ಸ್ಪರ್ಧಾ ಆಯೋಗ ಆಪಲ್ ವಿರುದ್ಧ ತನಿಖೆಗೆ ಆದೇಶಿಸಿದ್ದು 2021ರ ಡಿಸೆಂಬರ್ 31ರಂದು. ಗೂಗಲ್‌ಗೆ ಪ್ಲೇ ಸ್ಟೋರ್ ಪಾವತಿ ನಿಯಮಗಳ ವಿಷಯದಲ್ಲಿ 2022ರ ಅಕ್ಟೋಬರ್‌ನಲ್ಲಿ 936.44 ಕೋಟಿ ರೂಪಾಯಿ ದಂಡ ಬಿತ್ತು. ಮೇಲ್ಮನವಿಯಲ್ಲಿ ಅದು ಬಹಳಷ್ಟು ಇಳಿಯಿತು. ಬೇರೆ ಪಾವತಿ ವ್ಯವಸ್ಥೆಯನ್ನು ಆಯ್ದುಕೊಳ್ಳಲು ಗೂಗಲ್ ಈಗ ಅವಕಾಶ ಕೊಡುತ್ತದೆ, ಆದರೆ ಆಗಲೂ ಕಮಿಷನ್ ಕಡಿಮೆಯಾಗುವುದು ನಾಲ್ಕು ಶೇಕಡಾವಾರು ಅಂಶ ಮಾತ್ರ. ತಯಾರಕರಿಗೆ ಅಷ್ಟೇ ಉಳಿದರೆ ಗ್ರಾಹಕರಿಗೆ ದಾಟುವುದು ಇನ್ನೆಷ್ಟು?

ಟ್ಯಾಕ್ಸಿಯನ್ನೂ ಹೋಲಿಸಿದೆ, ಏಕೆಂದರೆ ಅಲ್ಲಿ ಕಮಿಷನ್ನಿನ ನೆಪ ಇಲ್ಲ. ಕಾರಿನ ಪ್ರಯಾಣ, ಊಟದಂಥ ಹೊರಗಿನ ಸೇವೆಗಳಿಂದ ಎರಡೂ ಅಂಗಡಿಗಳು ಪಾಲು ಪಡೆಯುವುದಿಲ್ಲ. ಹಂಪನಕಟ್ಟೆಯಿಂದ ಬಜ್ಪೆ ವಿಮಾನ ನಿಲ್ದಾಣಕ್ಕೆ ಎರಡೂ ಫೋನುಗಳಲ್ಲಿ ಒಂದೇ ಹೊತ್ತಿಗೆ ದರ ಕೇಳಿದಾಗ ಒಮ್ಮೆ ಐಫೋನ್ ಹೆಚ್ಚು ತೋರಿಸಿತು, ಮತ್ತೊಮ್ಮೆ ಆಂಡ್ರಾಯ್ಡ್. ಪರದೆಯನ್ನು ಮತ್ತೆ ತೆರೆದರೆ ಮೊತ್ತ ಬದಲಾಗುತ್ತಿತ್ತು. ಫೋನ್ ನೋಡಿ ದರ ಹಾಕಿದರು ಎನ್ನಲು ನನ್ನ ಕೈಯಲ್ಲಿ ಆಧಾರವಿಲ್ಲ. 2025ರ ಜನವರಿಯಲ್ಲಿ ಕೇಂದ್ರ ಸಚಿವ ಪ್ರಲ್ಹಾದ ಜೋಶಿಯವರು ಇದೇ ಆರೋಪದ ಮೇಲೆ ಓಲಾ, ಊಬರ್‌ಗಳಿಗೆ ನೋಟಿಸ್ ಹೋಗಿದೆ ಎಂದು ತಿಳಿಸಿದ್ದರು. ಎರಡೂ ಕಂಪನಿಗಳು ಆರೋಪವನ್ನು ನಿರಾಕರಿಸಿದವು. ದರದ ಲೆಕ್ಕ ಗ್ರಾಹಕರಿಗೆ ಕಾಣದಿರುವವರೆಗೂ ಈ ಅನುಮಾನ ಹೋಗುವುದಿಲ್ಲ.

ಒಮ್ಮೆ ಹಣ ಕೊಟ್ಟು ಕೊಳ್ಳುವ ಆ್ಯಪುಗಳಲ್ಲಿ ಪೆಟ್ಟು ಬೇರೆ ರೀತಿ ಬೀಳುತ್ತದೆ. ಆಂಡ್ರಾಯ್ಡಿನಲ್ಲಿ ಕೊಂಡದ್ದು ಐಫೋನಿಗೆ ದಾಟುವುದಿಲ್ಲ, ಫೋನ್ ಬದಲಿಸಿದರೆ ಮತ್ತೆ ಹಣ. ಆದ್ದರಿಂದ ಜಾಲತಾಣದ ಖಾತೆಗೆ ಅಂಟಿಕೊಂಡ ಚಂದಾ ಸಿಗುವಲ್ಲಿ ನಾನು ಅದನ್ನೇ ಆರಿಸುತ್ತೇನೆ. ಅದು ಯಾವ ಫೋನಿಗೂ ಜೊತೆಯಲ್ಲಿ ಬರುತ್ತದೆ. ಅಂಗಡಿಯ ಮೂಲಕ ಕೊಂಡದ್ದರಲ್ಲಿ ಒಂದು ಅನುಕೂಲವಿದೆ: ಎಲ್ಲ ಚಂದಾಗಳೂ ಒಂದೇ ಪಟ್ಟಿಯಲ್ಲಿ ಕಾಣುತ್ತವೆ, ರದ್ದು ಮಾಡುವುದು ಸುಲಭ. ಹಲವು ಜಾಲತಾಣಗಳು ರದ್ದತಿಯ ಗುಂಡಿಯನ್ನು ಹುಡುಕಿಸುತ್ತವೆ.

ದೊಡ್ಡಮ್ಮನ ಚಂದಾವನ್ನು ಐಫೋನಿನಿಂದ ಜಾಲತಾಣಕ್ಕೆ ಬದಲಿಸಿದ್ದೇವೆ. ಹೀಗೆ ಮಾಡುವವರು ಮೊದಲು ಫೋನಿನ ಸೆಟ್ಟಿಂಗ್ಸ್‌ನಲ್ಲಿ ಹಳೆಯ ಚಂದಾವನ್ನು ರದ್ದು ಮಾಡಬೇಕು, ಅದರ ಅವಧಿ ಮುಗಿದ ಮೇಲೆ ಬ್ರೌಸರಿನಲ್ಲಿ ಹೊಸದನ್ನು ಕೊಳ್ಳಬೇಕು. ಆ್ಯಪನ್ನು ಅಳಿಸಿಹಾಕಿದರೆ ಚಂದಾ ನಿಲ್ಲುವುದಿಲ್ಲ, ಹಣ ಕಡಿತವಾಗುತ್ತಲೇ ಇರುತ್ತದೆ.