‘ಮಣ್ಣಲ್ಲಿ ಕರಗುತ್ತದೆ’ ಅಂತ ನಂಬಿ ಎರಡು ಡ್ರಮ್ ಗೊಬ್ಬರ ಹಾಳು ಮಾಡಿಕೊಂಡೆ, ನೀವು ಮಾಡಿಕೊಳ್ಳಬೇಡಿ

ಹಸಿರು ಎಲೆಯ ಚಿತ್ರ ನೋಡಿ ಕಸದ ಚೀಲ ಕೊಳ್ಳುವವರು ಇದನ್ನು ಒಮ್ಮೆ ಓದಿ. ನಾನೂ ಹಾಗೇ ಕೊಂಡವನು.

ಹದಿನಾಲ್ಕು ತಿಂಗಳ ಹಿಂದಿನ ಮಾತು. ಅಡುಗೆಮನೆ ಕಸಕ್ಕೆ ಒಂದು ಕಟ್ಟು ಚೀಲ ತಂದೆ. ಜೊತೆಗೆ ಅದೇ ಕಂಪನಿಯ ಪಾರದರ್ಶಕ ಲೋಟಗಳ ಒಂದು ಡಬ್ಬ. ಎರಡರ ಮೇಲೂ ದಪ್ಪ ಅಕ್ಷರದಲ್ಲಿ ‘ಗಿಡದಿಂದ ತಯಾರಾದದ್ದು, ಕಾಂಪೋಸ್ಟ್ ಆಗುತ್ತದೆ’ ಅಂತ ಬರೆದಿತ್ತು. ಮಾಮೂಲಿ ಚೀಲಕ್ಕಿಂತ ಬೆಲೆ ಜಾಸ್ತಿ. ಇರಲಿ, ಒಳ್ಳೇ ಕೆಲಸಕ್ಕೆ ಅಲ್ವಾ ಅಂದುಕೊಂಡೆ.

ಮನೆಯಲ್ಲಿ ಗೊಬ್ಬರ ಮಾಡುವುದು ನನಗೆ ಹೊಸದಲ್ಲ. ತೂತು ಹಾಕಿದ ಎರಡು ಡ್ರಮ್ ಇವೆ. ತರಕಾರಿ ಸಿಪ್ಪೆ, ಒಣ ಎಲೆ, ಸ್ವಲ್ಪ ಹಳೇ ಗೊಬ್ಬರ, ವಾರಕ್ಕೊಮ್ಮೆ ತಿರುವಿ ಹಾಕುವುದು, ಅಷ್ಟೇ. ಮೊದಲೆಲ್ಲ ಬಕೆಟ್‌ನಲ್ಲಿ ಸಿಪ್ಪೆ ತಂದು ಸುರಿದು ಬಕೆಟ್ ತೊಳೆದಿಡುತ್ತಿದ್ದೆ. ಈ ಚೀಲ ಬಂದ ಮೇಲೆ ಸೋಮಾರಿತನ ಹತ್ತಿತು. ಗಂಟು ಕಟ್ಟಿ ಚೀಲದ ಸಮೇತ ಡ್ರಮ್‌ಗೆ ಎಸೆದುಬಿಡುವುದು. ಒಮ್ಮೆ ಮನೆಗೆ ನೆಂಟರು ಬಂದು ಹೋದ ಮೇಲೆ ನಲವತ್ತು ಲೋಟಗಳನ್ನೂ ಕತ್ತರಿಯಲ್ಲಿ ಕತ್ತರಿಸಿ ಹಾಕಿದೆ. ಚೂರು ಮಾಡಿದರೆ ಬೇಗ ಕೊಳೆಯುತ್ತದೆ ಅಂತ ನನ್ನ ಜಾಣತನ ಬೇರೆ.

ಮೊದಲ ಡ್ರಮ್‌ನಿಂದ ಸ್ವಲ್ಪ ತೆಗೆದು, ಜರಡಿ ಹಿಡಿಯದೆ ಪಕ್ಕದ ಮನೆಯ ಅಜ್ಜಿಗೆ ಕೊಟ್ಟಿದ್ದೆ. ಒಂದು ದಿನ ಅವರು ಕೂಗಿ ಕರೆದರು. ‘ಇದೇನಪ್ಪಾ, ಗೊಬ್ಬರ ಕೊಟ್ಟೆಯೋ ಪ್ಲಾಸ್ಟಿಕ್ ಕೊಟ್ಟೆಯೋ?’ ಗಿಡದ ಬೇರಿಗೆ ಚೀಲದ ಚಿಂದಿ ದಾರದ ಹಾಗೆ ಸುತ್ತಿಕೊಂಡಿತ್ತು. ನನಗೆ ಮುಖ ಎತ್ತಲಾಗಲಿಲ್ಲ. ಬಂದು ಎರಡೂ ಡ್ರಮ್ ಕೆಡವಿ ಜರಡಿ ಹಿಡಿದೆ. ಸಿಪ್ಪೆ ಎಲ್ಲ ಚೆನ್ನಾಗಿ ಕರಗಿ ಕಪ್ಪಗೆ ಆಗಿತ್ತು, ಎರೆಹುಳುಗಳೂ ತಮ್ಮ ಕೆಲಸ ಮಾಡಿದ್ದವು. ಚೀಲ ಮಾತ್ರ ಜಿಗುಟು ಜಿಗುಟಾಗಿ ಹರಿದು ಎಲ್ಲ ಕಡೆ ಸೇರಿಕೊಂಡಿತ್ತು. ಲೋಟದ ಚೂರುಗಳಂತೂ ನೀರಲ್ಲಿ ತೊಳೆದರೆ ಫಳಫಳ! ಒಂದು ಚೂರಿನ ಮೇಲೆ ಆ ಎಲೆಯ ಚಿತ್ರ ಇನ್ನೂ ಹಸಿರಾಗೇ ಇತ್ತು. ಮೂರು ಸಂಜೆ ಕೂತು ಕೈಯಲ್ಲಿ ಆರಿಸಿದೆ, ಆಮೇಲೆ ಬೇಜಾರಾಗಿ ಒಂದೂವರೆ ಡ್ರಮ್ ಗೊಬ್ಬರವನ್ನು ಹಾಗೇ ಬಿಟ್ಟೆ.

ಕಂಪನಿಗೆ ಬರೆದೆ. ಫೋಟೊ ಸಮೇತ. ಮೊದಲ ಉತ್ತರ, ‘ನಮ್ಮ ಉತ್ಪನ್ನ ಪ್ರಮಾಣೀಕೃತ.’ ಎರಡನೇ ಉತ್ತರ, ‘ಇದು ಕೈಗಾರಿಕಾ ಕಾಂಪೋಸ್ಟ್ ಘಟಕಕ್ಕೆ ಮಾತ್ರ, ಮನೆಯ ಡ್ರಮ್‌ಗೆ ಅಲ್ಲ.’ ಸರಿ, ಆ ಘಟಕ ಎಲ್ಲಿದೆ ಸ್ವಾಮಿ, ನನ್ನ ಕಸ ಅಲ್ಲಿಗೆ ಹೋಗುವುದು ಹೇಗೆ ಅಂತ ಕೇಳಿದೆ. ‘ನಿಮ್ಮ ಸ್ಥಳೀಯ ಆಡಳಿತವನ್ನು ಸಂಪರ್ಕಿಸಿ’ ಅಂತ ಬಂತು. ಕೊನೆಗೆ, ಮುಂದಿನ ಖರೀದಿಗೆ ರಿಯಾಯಿತಿ ಕೂಪನ್! ಇದನ್ನು ಎಲ್ಲಿ ಕರಗಿಸಲಿ ಅಂತ ಕೇಳಿದವನಿಗೆ ಇನ್ನೊಂದು ಕಟ್ಟು ಕೊಳ್ಳಲು ಕೂಪನ್. ಆಮೇಲೆ ಡಬ್ಬ ತಿರುಗಿಸಿ ನೋಡಿದೆ. ಅಂಟು ಹಚ್ಚಿ ಮಡಚಿದ ಜಾಗದ ಹತ್ತಿರ, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ ‘ಸೂಕ್ತ ಸೌಲಭ್ಯ ಇರುವ ಕಡೆ’ ಅಂತ ಇತ್ತು. ಅಂದರೆ ಅವರು ಸುಳ್ಳು ಹೇಳಿಲ್ಲ. ನಿಜವನ್ನು ಮಡಿಕೆಯೊಳಗೆ ಇಟ್ಟಿದ್ದಾರೆ.

ಆಮೇಲೆ ಓದಿ ತಿಳಿದದ್ದು ಇಷ್ಟು. ಇಂಥ ಪಾರದರ್ಶಕ ಲೋಟಗಳು ಸಾಮಾನ್ಯವಾಗಿ ಪಿಎಲ್ಎ ಅನ್ನುವ ಪ್ಲಾಸ್ಟಿಕ್‌ನವು. ಮೆಕ್ಕೆಜೋಳ ಅಥವಾ ಕಬ್ಬಿನ ಸಕ್ಕರೆ ಅಂಶದಿಂದ ಮಾಡುತ್ತಾರೆ. ಆದ್ದರಿಂದ ‘ಗಿಡದಿಂದ’ ಅನ್ನುವುದು ನಿಜ. ಆದರೆ ಅದು ಸರಿಯಾಗಿ ಕೊಳೆಯಲು ಸುಮಾರು 60 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು, ತೇವ ಬೇಕು, ಅದೂ ವಾರಗಟ್ಟಲೆ. ದೊಡ್ಡ ಘಟಕದ ರಾಶಿಯಲ್ಲಿ ಆ ಬಿಸಿ ನಿಲ್ಲುತ್ತದೆ. ಮನೆಯ ಡ್ರಮ್ ಒಂದೆರಡು ದಿನ ಬಿಸಿಯಾದರೂ ಬೇಗ ಆರಿಹೋಗುತ್ತದೆ. ಯುರೋಪಿನ ಇಎನ್ 13432 ಅನ್ನುವ ಮಾನದಂಡ ಇದೆ. ಅದರ ಪ್ರಕಾರ ವಸ್ತುವಿನ ಶೇ 90ರಷ್ಟು 6 ತಿಂಗಳೊಳಗೆ ಕೊಳೆತು ಕಾರ್ಬನ್ ಡೈಆಕ್ಸೈಡ್ ಆಗಬೇಕು. 12 ವಾರದ ನಂತರ 2 ಮಿಲಿಮೀಟರ್ ಜರಡಿಯಲ್ಲಿ ಶೇ 10ಕ್ಕಿಂತ ಜಾಸ್ತಿ ಉಳಿಯಬಾರದು. ಕೇಳಲು ಚೆನ್ನಾಗಿದೆ ಅಲ್ವಾ? ಆದರೆ ಆ ಪರೀಕ್ಷೆ ನಡೆಯುವುದು ಘಟಕದ ಬಿಸಿಯಲ್ಲಿ. ಆ ಕಂಪನಿ ಹೇಳಿದ ‘ಪ್ರಮಾಣೀಕೃತ’ ಅನ್ನುವುದರ ಅರ್ಥ ಇದು.

ಚೀಲದ ಕಥೆ ಇನ್ನೂ ಗೋಜಲು. ಪಿಷ್ಟದ ಜೊತೆ ಪಿಬಿಎಟಿ ಅನ್ನುವ ಪ್ಲಾಸ್ಟಿಕ್ ಬೆರೆಸುವುದು ಸಾಮಾನ್ಯ, ಆ ಪಿಬಿಎಟಿ ಬಹುತೇಕ ಬರುವುದು ಪೆಟ್ರೋಲಿಯಂನಿಂದ. ಆದರೂ ಅದು ಕಾಂಪೋಸ್ಟ್ ಆಗಬಲ್ಲದು. ಇನ್ನೊಂದು ಕಡೆ, ಕಬ್ಬಿನಿಂದಲೇ ಮಾಡಿದ ಪಾಲಿಥೀನ್ ಇದೆ, ಅದು ಮಾಮೂಲಿ ಪಾಲಿಥೀನ್ ಹಾಗೇ ಕರಗದೆ ಉಳಿಯುತ್ತದೆ. ಯಾವುದರಿಂದ ಮಾಡಿದ್ದು ಅನ್ನುವುದಕ್ಕೂ ಕೊನೆಗೆ ಏನಾಗುತ್ತದೆ ಅನ್ನುವುದಕ್ಕೂ ಸಂಬಂಧವೇ ಇಲ್ಲ. ನಾವು ಎರಡನ್ನೂ ಒಂದೇ ಅಂದುಕೊಳ್ಳುತ್ತೇವೆ, ಎಲೆಯ ಚಿತ್ರ ಹಾಕುವವರಿಗೆ ಅದು ಚೆನ್ನಾಗಿ ಗೊತ್ತು.

ಬರೀ ‘ಬಯೋಡಿಗ್ರೇಡಬಲ್’, ಅಂದರೆ ತಾನಾಗಿ ಕೊಳೆಯುತ್ತದೆ, ಅಂತ ಬರೆದಿದ್ದರಂತೂ ಮುಟ್ಟಲೇಬೇಡಿ. ಎಷ್ಟು ದಿನದಲ್ಲಿ, ಎಂಥ ಜಾಗದಲ್ಲಿ ಅಂತ ಹೇಳದ ಮಾತಿಗೆ ಅರ್ಥವೇ ಇಲ್ಲ. ಬ್ರಿಟನ್ನಿನ ಪ್ಲಿಮತ್ ವಿಶ್ವವಿದ್ಯಾಲಯದವರು ಬೇರೆ ಬೇರೆ ಬಗೆಯ ಚೀಲಗಳನ್ನು ಮಣ್ಣಲ್ಲಿ ಹೂತು, ಸಮುದ್ರದಲ್ಲಿ ಮುಳುಗಿಸಿ ಮೂರು ವರ್ಷ ಕಾದಿದ್ದರು. ಫಲಿತಾಂಶ 2019ರಲ್ಲಿ ಬಂತು. ‘ಬಯೋಡಿಗ್ರೇಡಬಲ್’ ಅಂತ ಮಾರಿದ ಚೀಲ ಮೂರು ವರ್ಷದ ನಂತರವೂ ಸಾಮಾನು ಹೊರುವಷ್ಟು ಗಟ್ಟಿಯಾಗಿತ್ತು. ‘ಕಾಂಪೋಸ್ಟಬಲ್’ ಚೀಲ ಸಮುದ್ರದಲ್ಲಿ ಮೂರು ತಿಂಗಳಲ್ಲಿ ಕಾಣೆಯಾಯಿತು. ಆದರೆ ಮಣ್ಣಲ್ಲಿ 27 ತಿಂಗಳಾದರೂ ಇತ್ತು, ಭಾರ ಹೊರುವ ಶಕ್ತಿ ಮಾತ್ರ ಹೋಗಿತ್ತು. ನನ್ನ ಡ್ರಮ್‌ನಲ್ಲಿ ಆದದ್ದೂ ಹೆಚ್ಚು ಕಡಿಮೆ ಅದೇ. ‘ಆಕ್ಸೋ’ ಅನ್ನುವ ಇನ್ನೊಂದು ಬಗೆ ಬರುತ್ತದೆ. ಅದು ಮಾಮೂಲಿ ಪ್ಲಾಸ್ಟಿಕ್ಕೇ, ಬೇಗ ಪುಡಿಯಾಗಲಿ ಅಂತ ಏನೋ ಸೇರಿಸಿರುತ್ತಾರೆ. ಪುಡಿಯಾದರೆ ಕಣ್ಣಿಗೆ ಕಾಣುವುದಿಲ್ಲ, ಇಲ್ಲವಾಯಿತು ಅಂತಲ್ಲ. ಯುರೋಪಿಯನ್ ಒಕ್ಕೂಟ 2021ರ ಜುಲೈನಿಂದ ಇಂಥದ್ದರ ಮಾರಾಟವನ್ನೇ ನಿಷೇಧಿಸಿದೆ.

ಹಾಗಾದರೆ ಮರುಬಳಕೆಗೆ ಹಾಕೋಣ ಅಂತ ನಾನೂ ಯೋಚಿಸಿದೆ. ಅದೂ ಆಗುವುದಿಲ್ಲ. ನೀರಿನ ಬಾಟಲಿಯ ಪೆಟ್ ಪ್ಲಾಸ್ಟಿಕ್‌ಗೂ ಪಿಎಲ್ಎಗೂ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಆದರೆ ಪೆಟ್ ಕರಗುವ ಬಿಸಿ 250 ಡಿಗ್ರಿ ಆಸುಪಾಸು, ಪಿಎಲ್ಎ ಅದಕ್ಕಿಂತ ಎಷ್ಟೋ ಕಡಿಮೆಯಲ್ಲೇ ಕರಗಿಬಿಡುತ್ತದೆ. ಪೆಟ್ ರಾಶಿಗೆ ಇದು ಒಂದಿಷ್ಟು ಸೇರಿದರೂ ಆ ರಾಶಿ ಕೆಡುತ್ತದೆ. ಲೋಟದ ಅಡಿಯಲ್ಲಿ ತ್ರಿಕೋನದ ಒಳಗೆ 7 ಅಂತ ಇತ್ತು. ಅದು ಮರುಬಳಕೆಯ ಭರವಸೆ ಅಲ್ಲ, ‘ಇತರೆ’ ಜಾತಿಯ ಪ್ಲಾಸ್ಟಿಕ್ ಅನ್ನುವ ಗುರುತು ಅಷ್ಟೇ.

ಮನೆಯಲ್ಲೇ ಗೊಬ್ಬರ ಮಾಡುವವರು ‘ಹೋಮ್ ಕಾಂಪೋಸ್ಟ್’ ಅಂತ ಸ್ಪಷ್ಟವಾಗಿ ಬರೆದಿದೆಯಾ ನೋಡಿ. ‘ಓಕೆ ಕಾಂಪೋಸ್ಟ್’ ಅನ್ನುವ ಮುದ್ರೆಯಲ್ಲೇ ಎರಡು ಬಗೆ ಇವೆ, ಒಂದರಲ್ಲಿ ಹೋಮ್, ಇನ್ನೊಂದರಲ್ಲಿ ಇಂಡಸ್ಟ್ರಿಯಲ್. ಹೋಮ್ ಅಂದರೆ 20ರಿಂದ 30 ಡಿಗ್ರಿಯಲ್ಲಿ ಪರೀಕ್ಷೆ ಮಾಡಿದ್ದು. ಮುದ್ರೆ ಇಲ್ಲ, ಬರೀ ಎಲೆ, ಹನಿ, ಭೂಮಿಯ ಚಿತ್ರ ಇದೆ ಅಂದರೆ ಅದು ಅಲಂಕಾರ. ಘಟಕದ ಮುದ್ರೆ ಇದ್ದರೆ ಕೊಳ್ಳುವ ಮೊದಲೇ ವಿಚಾರಿಸಿ, ನಿಮ್ಮ ಕಸ ಒಯ್ಯುವವರು ಇದನ್ನು ತೆಗೆದುಕೊಳ್ಳುತ್ತಾರಾ ಅಂತ. ನಾನು ಕೇಳಿದ್ದು ಹದಿನಾಲ್ಕು ತಿಂಗಳು ತಡವಾಗಿ. ಅವರು ನಕ್ಕು ‘ಇಲ್ಲ, ಅದನ್ನೂ ಪ್ಲಾಸ್ಟಿಕ್ ಅಂತಲೇ ಆರಿಸಿ ತೆಗೆಯುತ್ತೇವೆ’ ಅಂದರು.

ತಪ್ಪು ನನ್ನದೂ ಇದೆ. ಬಕೆಟ್ ತೊಳೆಯುವ ಎರಡು ನಿಮಿಷ ಉಳಿಸಲು ಚೀಲ ಕೊಂಡೆ, ಅದರ ಜೊತೆ ಸ್ವಲ್ಪ ನೆಮ್ಮದಿಯನ್ನೂ ಕೊಂಡೆ. ನಿಜ ಹೇಳಬೇಕೆಂದರೆ ಜಾಸ್ತಿ ಬೆಲೆ ಕೊಟ್ಟದ್ದು ಆ ನೆಮ್ಮದಿಗೇ. ಆದರೆ ವಸ್ತು ಎಲ್ಲಿ ಕರಗುತ್ತದೆ ಅಂತ ತಯಾರಿಸಿದವರಿಗೆ ಗೊತ್ತು, ಕೊಳ್ಳುವವರಿಗೆ ಗೊತ್ತಿಲ್ಲ ಅಂತಲೂ ಗೊತ್ತು. ಮಾರುವಾಗ ಲಾಭ ಅವರದು, ಘಟಕ ಹುಡುಕುವ ಕೆಲಸ ನನ್ನದು, ಇದು ಯಾವ ಊರಿನ ನ್ಯಾಯ? ಅಮೆರಿಕದ ವ್ಯಾಪಾರ ಆಯೋಗದ ಮಾರ್ಗಸೂಚಿಯಲ್ಲಿ 2012ರಿಂದಲೇ ಇದೆ: ಮನೆಯಲ್ಲಿ ಕಾಂಪೋಸ್ಟ್ ಆಗದಿದ್ದರೆ ಅದನ್ನು ಸ್ಪಷ್ಟವಾಗಿ, ಎದ್ದು ಕಾಣುವ ಹಾಗೆ ಹೇಳಬೇಕು. ದಪ್ಪ ಅಕ್ಷರದ ಪಕ್ಕದಲ್ಲೇ ಇನ್ನೊಂದು ಸಾಲು ಹಾಕಿದ್ದರೆ ನಾನು ಕೊಳ್ಳುತ್ತಿರಲಿಲ್ಲ. ಅದಕ್ಕೇ ಹಾಕಿಲ್ಲ.

ಮತ್ತೆ ಬಕೆಟ್‌ಗೆ ಬಂದಿದ್ದೇನೆ. ಅಜ್ಜಿಯ ಕುಂಡಗಳ ಮಣ್ಣನ್ನು ನಾನೇ ಬದಲಾಯಿಸಿ ಕೊಟ್ಟೆ. ಉಳಿದ ಲೋಟಗಳಿಗೆ ಅಡಿಯಲ್ಲಿ ತೂತು ಹಾಕಿ ಸಸಿ ಎಬ್ಬಿಸಲು ಬಳಸುತ್ತಿದ್ದೇನೆ. ಇದು ನಾಲ್ಕನೇ ಸಲ, ಒಂದೂ ಇನ್ನೂ ಮೆತ್ತಗಾಗಿಲ್ಲ.